ಸತ್ತವನೇ ಹಾಕಿದ ದಾವೆ

ನಮ್ಮೂರಿನ ಬಸ್‌ಸ್ಟ್ಯಾಂಡ್ ಹಿಂದೆ ಬಾಡಿಗೆಗೆ ಪುಸ್ತಕ ಕೊಡುವ ಒಂದು ಗೂಡಂಗಡಿ ಇತ್ತು. ಹೈಸ್ಕೂಲಿನ ಮೂರು ವರ್ಷ ನಾನು ಅಲ್ಲಿಂದ ತಂದು ಓದಿದ್ದೆಲ್ಲ ಪತ್ತೇದಾರಿ ಕಾದಂಬರಿ. ಎನ್. ನರಸಿಂಹಯ್ಯನವರದ್ದು ಮುಗಿದ ಮೇಲೆ ಸಿಕ್ಕಿದವರದ್ದು. ಆ ಪುಸ್ತಕಗಳಲ್ಲೂ, ಆಗಿನ ಸಿನಿಮಾಗಳಲ್ಲೂ ನೆನಪು ಹೋಗೋದು ಬಹಳ ಸುಲಭ. ತಲೆಗೆ ಒಂದು ಏಟು ಬಿದ್ದರೆ ನಾಯಕನಿಗೆ ಹೆಂಡತಿ, ಹೆಸರು, ಊರು ಎಲ್ಲ ಮರೆತುಹೋಗುತ್ತದೆ. ಕೊನೇ ರೀಲಿನಲ್ಲಿ ಇನ್ನೊಂದು ಏಟು ಬಿದ್ದರೆ ಎಲ್ಲ ವಾಪಸು. ನಡುವೆ ಒಂದು ಕೊಲೆ, ಒಬ್ಬ ಕೆಟ್ಟ ಭಾವಮೈದ, ಒಂದು ಆಸ್ತಿ.

ಈಗ ಅಕ್ಕನ ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಕೈಲಿರೋದು ಇಂಗ್ಲಿಷ್ ಕಾದಂಬರಿ. ಆದರೆ ಸರಕು ಅದೇ: ಹುಡುಗಿಯೊಬ್ಬಳು ಎಚ್ಚರವಾದಾಗ ಏನೂ ನೆನಪಿಲ್ಲ, ಗೆಳತಿ ಸತ್ತಿದ್ದಾಳೆ, ಕೊಂದಿದ್ದು ಇವಳೇ ಅಂತ ಎಲ್ಲರ ಅನುಮಾನ. "ಮಾಮ, ಹೀಗೆಲ್ಲ ನಿಜವಾಗ್ಲೂ ಆಗತ್ತಾ?" ಅಂತ ಕೇಳಿದಳು. ಆಗತ್ತೆ, ಇದಕ್ಕಿಂತ ದೊಡ್ಡದೊಂದು ಆಗಿದೆ ಅಂತ ಭವಾಲ್ ಸನ್ಯಾಸಿಯ ಕಥೆ ಶುರುಮಾಡಿದೆ. ಈ ಕಥೆಯನ್ನ ನಾನು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಆವತ್ತು ಮಾತ್ರ ಅವಳು ನಡುವೆ ಕೇಳಿದ ಒಂದು ಪ್ರಶ್ನೆಗೆ ತಡವರಿಸಿದೆ. ಪ್ರಶ್ನೆಗೆ ಆಮೇಲೆ ಬರ್ತೀನಿ, ಮೊದಲು ಕಥೆ.

ಜಾಗ ಪೂರ್ವ ಬಂಗಾಳ, ಈಗಿನ ಬಾಂಗ್ಲಾದೇಶ. ಢಾಕಾದ ಉತ್ತರಕ್ಕೆ ಜಯದೇವಪುರ ಅಂತ ಊರು, ಅದು ಭವಾಲ್ ಜಮೀನ್ದಾರಿಯ ಕೇಂದ್ರ. ಜಮೀನ್ದಾರಿ ಅಂದರೆ ನಾಲ್ಕು ಹಳ್ಳಿಯ ಪಟೇಲಿಕೆ ಅಂದ್ಕೋಬೇಡಿ. ಸುಮಾರು 579 ಚದರ ಮೈಲಿ, ಪೂರ್ವ ಬಂಗಾಳದಲ್ಲಿ ಢಾಕಾ ನವಾಬರನ್ನು ಬಿಟ್ಟರೆ ಇವರೇ ದೊಡ್ಡವರು. ರಾಜಾ ರಾಜೇಂದ್ರ ನಾರಾಯಣ ರಾಯ್ 1901ರಲ್ಲಿ ತೀರಿಕೊಂಡರು. ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಗಂಡುಮಕ್ಕಳಲ್ಲಿ ನಡುವಿನವ ರಾಮೇಂದ್ರ ನಾರಾಯಣ. ಬಂಗಾಳಿಯಲ್ಲಿ 'ಮೇಜೊ ಕುಮಾರ', ಎರಡನೇ ರಾಜಕುಮಾರ ಅಂತ ಅರ್ಥ. ಹುಟ್ಟಿದ್ದು 1884ರಲ್ಲಿ. ಬೇಟೆ, ಕುದುರೆ, ಆನೆ, ಹೆಂಗಸರು, ಇಷ್ಟೇ ಅವನ ಪ್ರಪಂಚ. 1902ರಲ್ಲಿ ವಿಭಾವತಿ ದೇವಿ ಅನ್ನೋ ಹುಡುಗಿ ಜೊತೆ ಮದುವೆ ಆಯಿತು. ಮದುವೆಯಿಂದ ಇವನ ದಿನಚರಿಯೇನೂ ಬದಲಾಗಲಿಲ್ಲ. ಪರಂಗಿ ರೋಗವೂ ಹತ್ತಿಕೊಂಡಿತ್ತು.

1909ರ ಏಪ್ರಿಲ್‌ನಲ್ಲಿ ಹವಾ ಬದಲಾವಣೆಗೆ ಅಂತ ಡಾರ್ಜಿಲಿಂಗಿಗೆ ಹೋದರು. ಕುಮಾರ, ಹೆಂಡತಿ ವಿಭಾವತಿ, ಅವಳ ಅಣ್ಣ ಸತ್ಯೇಂದ್ರನಾಥ ಬ್ಯಾನರ್ಜಿ, ಮನೆ ಡಾಕ್ಟರು ಆಶುತೋಷ್ ದಾಸಗುಪ್ತ, ಜೊತೆಗೆ ಆಳುಕಾಳು. ಉಳಿದುಕೊಂಡಿದ್ದು 'ಸ್ಟೆಪ್ ಅಸೈಡ್' ಅನ್ನೋ ಬಾಡಿಗೆ ಬಂಗಲೆಯಲ್ಲಿ. (ಇದೇ ಮನೆಯಲ್ಲೇ 1925ರಲ್ಲಿ ದೇಶಬಂಧು ಚಿತ್ತರಂಜನ ದಾಸರು ತೀರಿಕೊಂಡಿದ್ದು.) ಮೇ ಮೊದಲ ವಾರ ಕುಮಾರನಿಗೆ ಹೊಟ್ಟೆನೋವು, ವಾಂತಿ, ಆಮೇಲೆ ರಕ್ತಭೇದಿ. ಮೇ 8ಕ್ಕೆ ಸತ್ತ ಅಂತ ಜಯದೇವಪುರಕ್ಕೆ ತಂತಿ ಹೋಯಿತು. ಸಿವಿಲ್ ಸರ್ಜನ್ ಕ್ಯಾಲ್ವರ್ಟ್ ಪ್ರಮಾಣಪತ್ರ ಕೊಟ್ಟರು: ಪಿತ್ತಕೋಶದ ಶೂಲೆ. ವಯಸ್ಸು 24.

ಉಳಿದವರು ಊರಿಗೆ ವಾಪಸಾದರು, ತಿಥಿ ಆಯಿತು. ಆದರೆ ಆ ತಿಥಿಯ ಹೊತ್ತಿಗೇ ಊರಲ್ಲಿ ಪಿಸುಮಾತು ಎದ್ದಿತ್ತಂತೆ. ಹೆಣ ಸರಿಯಾಗಿ ಸುಟ್ಟಿಲ್ಲ, ದರ್ಭೆಯ ಗೊಂಬೆ ಮಾಡಿ ಸುಡಬೇಕು ಅಂತ ಮಾತಾಯಿತು ಅಂತ ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರಿದ್ದಾರೆ. ಸತ್ಯೇಂದ್ರ ಕುಮಾರನ ಜೀವವಿಮೆಯ 30,000 ರೂಪಾಯಿ ಬಿಡಿಸಿದ, ತಂಗಿಯನ್ನು ಕಲ್ಕತ್ತೆಗೆ ಕರಕೊಂಡು ಹೋದ. ಹಿರಿಯ ಕುಮಾರ 1910ರಲ್ಲಿ, ಕಿರಿಯ 1913ರಲ್ಲಿ ತೀರಿಕೊಂಡರು. ಗಂಡು ದಿಕ್ಕಿಲ್ಲದ ಎಸ್ಟೇಟು ಬ್ರಿಟಿಷ್ ಸರ್ಕಾರದ ಕೋರ್ಟ್ ಆಫ್ ವಾರ್ಡ್ಸ್ ಕೈಗೆ ಹೋಯಿತು.

ಹನ್ನೆರಡು ವರ್ಷ ಕಳೆಯಿತು.

1921ರ ಶುರುವಿನಲ್ಲಿ ಢಾಕಾದ ನದೀ ದಂಡೆಯ ಮೇಲೆ, ಬಕ್‌ಲ್ಯಾಂಡ್ ಬಂಡ್ ಅನ್ನೋ ಜಾಗದಲ್ಲಿ, ಒಬ್ಬ ಜಟಾಧಾರಿ ಮೈಗೆಲ್ಲ ಬೂದಿ ಬಳಿದುಕೊಂಡು ಕೂತ. ಮಳೆ ಬಿಸಿಲು ಅನ್ನದೆ ಒಂದೇ ಕಡೆ ತಿಂಗಳುಗಟ್ಟಲೆ. ಮಾತಾಡಿದರೆ ಹಿಂದಿ. ಮೈಬಣ್ಣ ಕೆಂಪು, ನೋಡೋಕೆ ಲಕ್ಷಣವಾಗಿದ್ದ. ನೋಡಿದವರಲ್ಲಿ ಯಾರೋ, ಇವನು ಭವಾಲ್‌ನ ಮೇಜೊ ಕುಮಾರನ ಹಾಗೇ ಇದಾನಲ್ಲ ಅಂದರು. ಏಪ್ರಿಲ್‌ನಲ್ಲಿ ಆನೆ ಮೇಲೆ ಕೂರಿಸಿ ಜಯದೇವಪುರಕ್ಕೆ ಕರೆತಂದರು. ಕುಮಾರನ ಅಕ್ಕತಂಗಿಯರಲ್ಲಿ ಒಬ್ಬಳಾದ ಜ್ಯೋತಿರ್ಮಯಿ ಮನೆಗೆ ಕರೆದು ಊಟಕ್ಕೆ ಹಾಕಿದಳು. ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ತುತ್ತು ಕಲಸುವಾಗ ತೋರುಬೆರಳು ಹೊರಕ್ಕೆ ಚಾಚಿಕೊಂಡಿತ್ತು. ಅವಳ ಅಣ್ಣತಮ್ಮಂದಿರ ಪೈಕಿ ಹಾಗೆ ಉಣ್ಣುತ್ತಿದ್ದವನು ಒಬ್ಬನೇ.

ನಂಗೆ ಈ ಇಡೀ ಪ್ರಕರಣದಲ್ಲಿ ಬಹಳ ಇಷ್ಟವಾದ ಜಾಗ ಇದು. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ? ಅಪ್ಪನ ಮುಖ ಫೋಟೋ ನೋಡದೆ ಸರಿಯಾಗಿ ನೆನಪಾಗೋದಿಲ್ಲ, ಆದರೆ ಅಪ್ಪ ಸಾರಿಗೆ ಅನ್ನ ಕಲಸುತ್ತಿದ್ದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ಮೇ 4ರಂದು ನೂರಾರು ಜನರ ಎದುರು ಅವನನ್ನು ಹಿಡಿದು ಕೇಳಿದರು: ನೀನು ಯಾರು? ರಾಮೇಂದ್ರ ನಾರಾಯಣ ಅಂದ. ಅಪ್ಪ ಯಾರು, ಅಮ್ಮ ಯಾರು ಅಂತ ಕೇಳಿದ್ದಕ್ಕೆ ಹೇಳಿದ. ಇದೇನು, ಊರಿಗೆಲ್ಲ ಗೊತ್ತಿರೋ ವಿಷಯ, ನಿನ್ನನ್ನ ಸಾಕಿದ ದಾದಿ ಯಾರು ಹೇಳು ಅಂದರು. "ಅಲಕಾ" ಅಂದ. ಜನ ಜಯಕಾರ ಹಾಕಿದರು, ಹೆಂಗಸರು ಉಲೂಲು ಹಾಕಿದರು, ಇವನಿಗೆ ತಲೆ ತಿರುಗಿ ಬಂತು.

ಅವನು ಹೇಳಿದ ಕಥೆ ಹೀಗಿದೆ. ಡಾರ್ಜಿಲಿಂಗಿನಲ್ಲಿ ಕಾಯಿಲೆ ಬಿದ್ದದ್ದು ಗೊತ್ತು. ಆಮೇಲೆ ಕಣ್ಣು ಬಿಟ್ಟಾಗ ಕಾಡಿನಲ್ಲಿ ನಾಗಾ ಸನ್ಯಾಸಿಗಳ ನಡುವೆ ಇದ್ದ. ತಾನು ಯಾರು ಅಂತ ಗೊತ್ತಿರಲಿಲ್ಲ. ಅವರ ಹಿಂದೆ ಹೋದ. ಕಾಶಿ, ಕಾಶ್ಮೀರ, ಅಮರನಾಥ, ನೇಪಾಳ, ಟಿಬೆಟ್. ಅಮರನಾಥದಲ್ಲಿ ದೀಕ್ಷೆ ಆಯಿತು. ನೀನು ನಮಗೆ ಡಾರ್ಜಿಲಿಂಗಿನ ಸ್ಮಶಾನದಲ್ಲಿ ಮಳೆಯಲ್ಲಿ ನೆನೆದು ಬಿದ್ದಿದ್ದೆ ಅಂತ ಗುರು ಹೇಳಿದ. ವರ್ಷಗಳ ಮೇಲೆ ನೇಪಾಳದ ಬರಾಹಛತ್ರದಲ್ಲಿ ಇದ್ದಾಗ ತನ್ನ ಮನೆ ಢಾಕಾ ಅನ್ನೋದು ಮನಸ್ಸಿಗೆ ಬಂತು. ಸಮಯ ಬಂದಿದೆ, ಹೋಗು ಅಂದ ಗುರು. ಏಟು ಬಿದ್ದು ನೆನಪು ಬಂದದ್ದಲ್ಲ ನೋಡಿ. ಚೂರುಚೂರಾಗಿ, ಮೊದಲು ಊರು, ಆಮೇಲೆ ಮುಖಗಳು, ಕೊನೆಗೆ ಹೆಸರು.

ಸ್ಮಶಾನದ ಕಥೆಯೂ ಬೇಕಲ್ಲ. ವಾದಿ ಕಡೆಯವರ ಪ್ರಕಾರ ಮೇ 8ರ ಸಂಜೆಯೇ ಅವನು ಸತ್ತ ಅಂತ ಗೊತ್ತಾಗಿ ರಾತ್ರಿಯೇ ಹೊತ್ತುಕೊಂಡು ಹೋದರು. ಚಿತೆಗೆ ಅಣಿಮಾಡುವಾಗ ಬಿರುಗಾಳಿ ಮಳೆ ಬಂತು. ಹೊತ್ತವರು ಹತ್ತಿರದಲ್ಲಿ ಎಲ್ಲೋ ಮರೆಗೆ ನಿಂತರು. ಮಳೆ ನಿಂತ ಮೇಲೆ ಬಂದು ನೋಡಿದರೆ ಹೆಣ ಇಲ್ಲ! ಮರ್ಯಾದೆ ಪ್ರಶ್ನೆ ನೋಡಿ, ಬೆಳಗಾಗುವುದರೊಳಗೆ ಇನ್ನೊಂದು ಹೆಣ ತಂದು, ಮುಖ ಮುಚ್ಚಿ, ಮೆರವಣಿಗೆ ಮಾಡಿ ಸುಟ್ಟರು. ಪ್ರತಿವಾದಿಗಳ ಪ್ರಕಾರ ಇದೆಲ್ಲ ಕಟ್ಟುಕಥೆ. ಅವನು ಸತ್ತಿದ್ದು ನಡುರಾತ್ರಿ, ಸುಟ್ಟಿದ್ದು ಮೇ 9ರ ಬೆಳಗ್ಗೆ, ಒಂದೇ ಸಲ.

ಇಷ್ಟರಲ್ಲಿ ಸರ್ಕಾರ ಕೈ ಹಾಕಿತು. ಅಸಹಕಾರ ಚಳವಳಿಯ ಕಾಲ ಅದು. ಜಯದೇವಪುರದಲ್ಲಿ ಸಾವಿರಾರು ಒಕ್ಕಲು ಮಕ್ಕಳು ಸೇರಿ ಇವನೇ ನಮ್ಮ ಕುಮಾರ ಅಂತ ಘೋಷಣೆ ಮಾಡಿದ್ದರು. ಕೋರ್ಟ್ ಆಫ್ ವಾರ್ಡ್ಸ್‌ಗೆ ಕಂದಾಯ ಕೊಡೋ ಜನ ಇವನಿಗೆ ಕೊಡೋಕೆ ಶುರುಮಾಡಿದರು. ಢಾಕಾ ಕಲೆಕ್ಟರ್ ಲಿಂಡ್ಸೆ ಜೂನ್ 3ಕ್ಕೆ ನೋಟೀಸು ಹೊರಡಿಸಿದ: ಎರಡನೇ ಕುಮಾರನ ದೇಹ ಹನ್ನೆರಡು ವರ್ಷದ ಹಿಂದೆ ಡಾರ್ಜಿಲಿಂಗಿನಲ್ಲಿ ಸುಟ್ಟು ಬೂದಿಯಾಗಿದೆ, ಈ ಸಾಧು ಮೋಸಗಾರ, ಇವನಿಗೆ ದುಡ್ಡು ಕೊಟ್ಟರೆ ನಿಮ್ಮ ತಲೆಮೇಲೆ. ತನಿಖೆಯನ್ನ ಪಂಜಾಬಿನ ತನಕ ಒಯ್ದು, ಇವನು ಲಾಹೋರ್ ಕಡೆಯ ಔಜ್ಲಾ ಅನ್ನೋ ಹಳ್ಳಿಯ ಮಾಲ್ ಸಿಂಗ್ ಅಂತ ಒಂದು ಹೇಳಿಕೆಯನ್ನೂ ತಂದರು. ಒಕ್ಕಲುಗಳು ಅವನನ್ನ ಅಷ್ಟು ಬೇಗ ಗುರುತಿಸಿದ್ದರಲ್ಲಿ ಪ್ರೀತಿ ಎಷ್ಟು, ಕೋರ್ಟ್ ಆಫ್ ವಾರ್ಡ್ಸ್ ಮೇಲಿನ ಸಿಟ್ಟು ಎಷ್ಟು ಅಂತ ಬೇರೆ ಮಾಡೋಕೆ ಬರೋದಿಲ್ಲ. ಆದರೆ ಕುಮಾರನ ಮುದಿ ಅಜ್ಜಿ ರಾಣಿ ಸತ್ಯಭಾಮಾ, ಜ್ಯೋತಿರ್ಮಯಿ, ಹಿರಿಯಣ್ಣನ ವಿಧವೆ ಸರಯೂಬಾಲಾ ಇವರೆಲ್ಲ ಅವನ ಕಡೆ ನಿಂತಿದ್ದಕ್ಕೆ ಆ ಕಾರಣ ಸಾಲದು.

1930ರ ಏಪ್ರಿಲ್ 24ಕ್ಕೆ ಅವನು ದಾವೆ ಹಾಕಿದ. ನಾನು ಬದುಕಿದ್ದೀನಿ ಅಂತ ಘೋಷಿಸಿ, ನನ್ನ ಮೂರನೇ ಒಂದು ಪಾಲು ಕೊಡಿ. 1933ರ ನವೆಂಬರ್‌ನಲ್ಲಿ ಢಾಕಾದ ನ್ಯಾಯಾಧೀಶ ಪನ್ನಾಲಾಲ್ ಬಸು ಎದುರು ವಿಚಾರಣೆ ಶುರುವಾಯಿತು. ವಾದಿ ಕಡೆ 1,069 ಸಾಕ್ಷಿಗಳು, ಪ್ರತಿವಾದಿ ಕಡೆ 479. ಒಟ್ಟು 1,548 ಜನ ಬಂದು ಒಬ್ಬ ಮನುಷ್ಯ ಯಾರು ಅಂತ ಹೇಳಿದರು. ವೇಶ್ಯೆಯರು, ಮಾವುತರು, ಛಾಯಾಚಿತ್ರ ತಜ್ಞರು, ಇಂಗ್ಲಿಷ್ ಅಧಿಕಾರಿಗಳು, ಸಾಧುಗಳು. ಮರೆವಿನ ರೋಗದ ಬಗ್ಗೆ ಹೇಳೋಕೆ ಮನೋವೈದ್ಯರು. ಡಾರ್ಜಿಲಿಂಗಿನ ಮಳೆ ಅಳೆಯುವ ರಿಜಿಸ್ಟರುಗಳನ್ನೂ ತರಿಸಿದರು, ಅವನ್ನ ನಂಬಬಹುದಾ ಇಲ್ಲವಾ ಅಂತ ಅದರ ಮೇಲೇ ಬೇರೆ ಜಗಳ.

ಅತಿ ತಮಾಷೆ ಅಂದರೆ ಓದುಬರಹದ ವಿಷಯ. ಸಾಧುವಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಬಂಗಾಳಿಯೂ ಹಿಂದಿ ಧಾಟಿಯಲ್ಲಿತ್ತು. ಪ್ರತಿವಾದಿ ವಕೀಲರು, ನಿಜವಾದ ಕುಮಾರ ಸುಶಿಕ್ಷಿತ, ಇಂಗ್ಲಿಷ್ ಮಾತಾಡುವ, ಕ್ರೀಡೆ ಗೊತ್ತಿದ್ದ ಸಭ್ಯ ರಾಜಕುಮಾರ ಅಂತ ಚಿತ್ರ ಬಿಡಿಸಿದರು. ಪಾಟೀಸವಾಲಿನಲ್ಲಿ ಕ್ರಿಕೆಟ್ಟಿನ ಪದಗಳು, ಸೂಟುಬೂಟಿನ ಹೆಸರುಗಳನ್ನೆಲ್ಲ ಕೇಳಿ ಇವನನ್ನ ತಬ್ಬಿಬ್ಬು ಮಾಡಿದರು. ವಾದಿ ಕಡೆಯವರು ಏನು ಮಾಡಬೇಕು? ಕುಮಾರನನ್ನ ಬಲ್ಲವರೇ ಒಬ್ಬೊಬ್ಬರಾಗಿ ಬಂದು, ಇಲ್ಲ ಸ್ವಾಮಿ, ನಮ್ಮ ಕುಮಾರ ಆಗಲೂ ಹೆಬ್ಬೆಟ್ಟಿಗೆ ಸ್ವಲ್ಪ ಮೇಲು ಅಷ್ಟೇ, ಲಾಯದಲ್ಲಿ ಬೆಳೆದವ, ಅಂತ ಸಾಬೀತು ಮಾಡಬೇಕಾಯಿತು. ವೈರಿಗಳು ಹೊಗಳಬೇಕು, ಹತ್ತಿರದವರು ತೆಗಳಬೇಕು! ಕುಮಾರ ಬರೆದದ್ದು ಅಂತ ಹಾಜರುಮಾಡಿದ ಕಾಗದಗಳನ್ನ ಬಸು ನಂಬಲಿಲ್ಲ. ಮೂಲದಲ್ಲಿ ಇಲ್ಲದ ವಿದ್ಯೆಯನ್ನ ಮರೆಯೋದು ಹೇಗೆ ಅನ್ನೋದು ಅವರ ತರ್ಕ.

ನೆನಪಿನ ಪರೀಕ್ಷೆ ಎಷ್ಟು ಮಾಡಿದರೂ ಅದರಿಂದ ಬಗೆಹರಿಯೋದಿಲ್ಲ ಅನ್ನೋದು ಬಸು ಅವರಿಗೆ ಗೊತ್ತಾಗಿತ್ತು ಅಂತ ನನ್ನ ಅಂದಾಜು. ಸರಿ ಉತ್ತರ ಕೊಟ್ಟರೆ, ಯಾರೋ ಹೇಳಿಕೊಟ್ಟಿದ್ದಾರೆ ಅನ್ನಬಹುದು. ತಪ್ಪು ಉತ್ತರ ಕೊಟ್ಟರೆ, ಪಾಪ, ಮರೆತಿದ್ದಾನೆ ಅನ್ನಬಹುದು. ಹಾಗಾಗಿ ಅವರು ಮೈಯನ್ನ ಹಿಡಿದುಕೊಂಡರು. ಎಡ ಕಾಲಿನ ಹರಡಿನ ಹತ್ತಿರ ಗಾಡಿ ಚಕ್ರ ಹರಿದು ಆಗಿದ್ದ ಗಾಯದ ಕಲೆ, ಪಾದದ ಮೇಲಿನ ಒರಟು ಚರ್ಮ, ಕಿವಿಯ ಆಕಾರ, ಕೂದಲಿನ ಬಣ್ಣ, ಪರಂಗಿ ರೋಗದ ಗುರುತುಗಳು. ಇಷ್ಟೂ ಒಬ್ಬನಲ್ಲೇ ಕೂಡಿಬರೋದು ಸಾಧ್ಯವಾ ಅಂತ ಕೇಳಿದರು. 1936ರ ಆಗಸ್ಟ್ 24ಕ್ಕೆ ತೀರ್ಪು: ಇವನೇ ಕುಮಾರ.

ಕಲ್ಕತ್ತಾ ಹೈಕೋರ್ಟಿನಲ್ಲಿ ಮೇಲ್ಮನವಿ ಮೂವರು ನ್ಯಾಯಾಧೀಶರ ಎದುರು ಬಂತು. ಬಿಸ್ವಾಸ್ ಇವನೇ ಅಂದರು. ಲಾಡ್ಜ್ ಅಲ್ಲವೇ ಅಲ್ಲ ಅಂದರು. ಮೂರನೆಯವರು ಕಾಸ್ಟೆಲೋ, ರಜೆಗೆ ಇಂಗ್ಲೆಂಡಿಗೆ ಹೋಗಿದ್ದಾಗ ಯುದ್ಧ ಶುರುವಾಗಿ ಅಲ್ಲೇ ಸಿಕ್ಕಿಕೊಂಡರು. ತೀರ್ಪು ಬರೆದು ಕಳಿಸಿದರು, ಇವನೇ ಅಂತ. 1940ರಲ್ಲಿ ಎರಡಕ್ಕೆ ಒಂದು. ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್. ಅಲ್ಲಿ ಕೇಳಿದ ಮೂವರಲ್ಲಿ ಒಬ್ಬರು ಹಿಂದೆ ಮದ್ರಾಸ್ ಹೈಕೋರ್ಟಿನಲ್ಲಿದ್ದ ಸರ್ ಮಾಧವನ್ ನಾಯರ್. 1946ರ ಜುಲೈ 30ಕ್ಕೆ ಮೇಲ್ಮನವಿ ವಜಾ. ಕೆಳಗಿನ ಎರಡು ಕೋರ್ಟು ಒಂದೇ ಸಂಗತಿಯನ್ನ ಒಪ್ಪಿದ ಮೇಲೆ ನಾವು ಮತ್ತೆ ಅದನ್ನ ಕೆದಕೋದಿಲ್ಲ ಅನ್ನೋದು ಅವರ ಪದ್ಧತಿ. ಈ ಮಾತಿಗಾಗಿ ನಮ್ಮ ವಕೀಲರು ಈ ತೀರ್ಪನ್ನ ಇವತ್ತಿಗೂ ಉಲ್ಲೇಖಿಸುತ್ತಾರೆ, ಸನ್ಯಾಸಿಯ ಕಥೆ ಗೊತ್ತಿಲ್ಲದವರು ಕೂಡ.

ಸಾಮಾನ್ಯವಾಗಿ ನಾನು ಇಲ್ಲಿಗೆ, ಗೆದ್ದ ಸುದ್ದಿ ಬಂದ ಕೆಲವೇ ದಿನದಲ್ಲಿ ಆ ಮನುಷ್ಯ ಪಾರ್ಶ್ವವಾಯು ಬಡಿದು ಸತ್ತ ಅಂತ ಹೇಳಿ ಕಥೆ ಮುಗಿಸ್ತೀನಿ. ಕೇಳಿದವರು ಹೌಹಾರುತ್ತಾರೆ. ಅಕ್ಕನ ಮಗಳು ಹೌಹಾರಲಿಲ್ಲ. "ಆ ಹೆಂಡತಿ ಏನಂದ್ಲು ಮಾಮ? ಅವಳಿಗೆ ಎಷ್ಟು ವಯಸ್ಸು ಆಗ?"

ಡಾರ್ಜಿಲಿಂಗಿನಲ್ಲಿ ಅವಳಿಗೆ 20. ಮದುವೆಯಾದಾಗ 13.

ನಾನು ಅಷ್ಟು ವರ್ಷ ವಿಭಾವತಿಯನ್ನ ಕೆಟ್ಟ ಅಣ್ಣನ ಕೈಗೊಂಬೆ ಅಂತ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ದಾವೆಯ ಮೊದಲ ಪ್ರತಿವಾದಿ ಅವಳೇ. 1921ರಿಂದ ಕೊನೆಯವರೆಗೂ ಅವಳು ಹೇಳಿದ್ದು ಒಂದೇ ಮಾತು: ಇವನು ನನ್ನ ಗಂಡ ಅಲ್ಲ. ಕಲ್ಕತ್ತೆಯ ಲ್ಯಾನ್ಸ್‌ಡೌನ್ ರಸ್ತೆಯ ಮನೆಯ ಎದುರು ಅವನು ಗಾಡಿಯಲ್ಲಿ ಹೋಗುವುದನ್ನ ನೋಡಿದ್ದಳು, ನೋಡಿದ ಮೇಲೂ ಅದೇ ಮಾತು. ಹೌದು ಅಂದಿದ್ದರೆ ಬಿಳಿ ಸೀರೆ, ಏಕಾದಶಿ ಉಪವಾಸ ಎಲ್ಲ ಹೋಗಿ ರಾಣಿ ಆಗಬಹುದಿತ್ತು. ಆದರೆ ಹೌದು ಅನ್ನೋದರ ಇನ್ನೊಂದು ಅರ್ಥ ನೋಡಿ. ಹನ್ನೆರಡು ವರ್ಷ ಅವಳನ್ನ ಸಾಕಿದ ಅಣ್ಣ ಅವಳ ಗಂಡನಿಗೆ ವಿಷ ಹಾಕಿಸಿದ ಅಂತ ಊರು ಹೇಳುತ್ತಿತ್ತು. ಹೌದು ಅಂದ ಕ್ಷಣ ಆ ಮಾತಿಗೂ ಅವಳದೇ ಸಾಕ್ಷಿ.

ಈ ವಿಷದ ಮಾತು ಬರೀ ಊರಿನದ್ದಲ್ಲ. 1921ರಲ್ಲೇ ಡಾಕ್ಟರ್ ಆಶುತೋಷ್ ವಿಷ ಕೊಟ್ಟ ಅಂತ ಒಂದು ಕಿರುಪುಸ್ತಕ ಅಚ್ಚಾಗಿ, ಆತ ಮಾನನಷ್ಟ ಮೊಕದ್ದಮೆ ಹೂಡಿದ್ದ. ಬಸು ಅವರ ಕೋರ್ಟಿನಲ್ಲಿ ಡಾರ್ಜಿಲಿಂಗಿನ ಔಷಧ ಚೀಟಿಗಳನ್ನ ಇಟ್ಟುಕೊಂಡು, ಒಂದರಲ್ಲಿ ಪಾಷಾಣ ಇದೆ, ರಕ್ತಭೇದಿ ಪಿತ್ತದ ಶೂಲೆಯ ಲಕ್ಷಣ ಅಲ್ಲ, ಪಾಷಾಣದ ಲಕ್ಷಣ ಅಂತ ವಾದ ನಡೆಯಿತು. ಆ ಕಾಲದಲ್ಲಿ ಪಾಷಾಣ ಅಲ್ಪ ಪ್ರಮಾಣದಲ್ಲಿ ಔಷಧಿಯಾಗಿಯೂ ನಡೀತಿತ್ತು ಅನ್ನೋದನ್ನ ಮರೀಬಾರದು. ಸತ್ಯೇಂದ್ರನ ಡೈರಿಯನ್ನೂ ಓದಿಸಿದರು. ಆದರೆ ಇದು ಆಸ್ತಿಯ ದಾವೆ. ಕೊಲೆ ಪ್ರಯತ್ನಕ್ಕೆ ಯಾರ ಮೇಲೂ ಮೊಕದ್ದಮೆ ಆಗಲಿಲ್ಲ, ಯಾರಿಗೂ ಶಿಕ್ಷೆ ಆಗಲಿಲ್ಲ. ಅಣ್ಣ, ಡಾಕ್ಟರು ಇಬ್ಬರೂ ಬದುಕಿದಷ್ಟು ಕಾಲ ಅರ್ಧ ಅಪರಾಧಿಗಳಾಗಿ ಬದುಕಿದರು.

ಇನ್ನೊಂದು ವಿಷಯ ನಂಗೆ ಅದೇ ರಾತ್ರಿ ಹೊಳೆದದ್ದು. ತೀರ್ಪು ಸರಿ ಅಂತ ಇಟ್ಟುಕೊಳ್ಳೋಣ, ಮೈಮೇಲಿನ ಗುರುತುಗಳ ಲೆಕ್ಕ ನೋಡಿದರೆ ನಾನೂ ಬಸು ಅವರ ಕಡೆಗೇ ವಾಲುತ್ತೀನಿ. ಹಾಗಿದ್ದರೆ ಮೇ 9ರ ಬೆಳಗ್ಗೆ ಮುಖ ಮುಚ್ಚಿ, ಕಾಸು ಎರಚಿ, ಮೆರವಣಿಗೆ ಮಾಡಿ ಸುಟ್ಟ ಹೆಣ ಯಾರದು? ಡಾರ್ಜಿಲಿಂಗಿನಲ್ಲಿ ರಾತ್ರೋರಾತ್ರಿ ಬೇಕೆಂದಾಗ ಸಿಕ್ಕ ಆ ಇನ್ನೊಬ್ಬ ಯಾರು? 1,548 ಸಾಕ್ಷಿಗಳಲ್ಲಿ ಅವನ ಕಡೆಯಿಂದ ಬಂದವರು ಒಬ್ಬರೂ ಇಲ್ಲ. ಅವನಿಗೂ ಒಬ್ಬ ಅಕ್ಕ ಇದ್ದಿರಬೇಕು, ಅವನೂ ತುತ್ತು ಕಲಸುವಾಗ ಬೆರಳನ್ನ ಯಾವುದೋ ಒಂದು ರೀತಿ ಇಡುತ್ತಿದ್ದಿರಬೇಕು.

ಮೇಜೊ ಕುಮಾರನ ಎರಡನೇ ತಿಥಿ 1946ರ ಆಗಸ್ಟ್ 13ಕ್ಕೆ ಆಯಿತು. ಅವನ ಸಾವು ದೇವರು ಕೊಟ್ಟ ತೀರ್ಪು ಅಂತಲೇ ವಿಭಾವತಿ ಕೊನೆತನಕ ನಂಬಿದ್ದಳು. ಮೂರು ಕೋರ್ಟು ಅವಳ ನೆನಪನ್ನ ಒಪ್ಪಲಿಲ್ಲ, ಅವಳೂ ಅವರ ತೀರ್ಪನ್ನ ಒಪ್ಪಲಿಲ್ಲ. ಮರುವರ್ಷ ದೇಶ ಒಡೆದು ಭವಾಲ್ ಪಾಕಿಸ್ತಾನಕ್ಕೆ ಹೋಯಿತು. 1950ರ ಕಾಯಿದೆಯಲ್ಲಿ ಪೂರ್ವ ಬಂಗಾಳದ ಜಮೀನ್ದಾರಿಗಳೇ ರದ್ದಾದವು. ಯಾವ ಮೂರನೇ ಒಂದು ಪಾಲಿಗೆ ಹದಿನಾರು ವರ್ಷ ಬಡಿದಾಡಿದರೋ ಆ ಪಾಲೇ ಇಲ್ಲವಾಯಿತು. ಜಯದೇವಪುರದ ಅರಮನೆ ಈಗ ಗಾಜಿಪುರದ ಜಿಲ್ಲಾ ಕಚೇರಿ.

ಅಕ್ಕನ ಮಗಳಿಗೆ ಮಾರನೇ ದಿನ ಇದನ್ನೆಲ್ಲ ಹೇಳಿದೆ. ಅವಳು ಕಾದಂಬರಿಯ ಕೊನೇ ಅಧ್ಯಾಯದಲ್ಲಿದ್ದಳು. "ಇದರಲ್ಲಿ ಯಾರು ಕೊಂದಿದ್ದು ಅಂತ ಗೊತ್ತಾಯ್ತು ಮಾಮ," ಅಂದಳು. "ನಿಮ್ಮದ್ರಲ್ಲಿ ಸತ್ತಿದ್ದು ಯಾರು ಅನ್ನೋದೇ ಗೊತ್ತಾಗ್ಲಿಲ್ವಲ್ಲ."